ವಿದೇಶಿ ಚುನಾವಣೆ ಸುದ್ದಿಗೆ ಯಾವ ಪತ್ರಿಕೆ ನಂಬೋದು? ಅನುಭವ ಹೇಳಿ

ಹಾಸನದ ವಿದ್ಯಾರ್ಥಿನಿ: ಪತ್ರಿಕೋದ್ಯಮ ಎಂ.ಎ. ಪ್ರಬಂಧಕ್ಕೆ ವೆನೆಜುವೆಲಾದ 2024ರ ಚುನಾವಣೆ ತಗೊಂಡಿದ್ದೇನೆ. ಹೊರದೇಶದ ಪತ್ರಿಕೆಗಳ ಪಕ್ಷಪಾತ ನೋಡಬೇಕು. ಯಾವುದಕ್ಕೆ ಚಂದಾ ಕಟ್ಟಲಿ?

ಅರಸೀಕೆರೆ ಮೇಷ್ಟ್ರು: ಯಾವುದಕ್ಕೂ ಕಟ್ಟಬೇಡಮ್ಮ. 2019ರಲ್ಲಿ ಬೊಲಿವಿಯಾ ಚುನಾವಣೆ ಗಲಾಟೆ ಹೊತ್ತಿಗೆ ಒಂದು ಅಮೆರಿಕನ್ ಪತ್ರಿಕೆಗೆ ಕಟ್ಟಿದ್ದೆ. ಮೊದಮೊದಲು ಅಗ್ಗ, ಆಮೇಲೆ ಪೂರ್ತಿ ದರ, ಕಾರ್ಡಿನಿಂದ ತಾನಾಗೇ ಕಟ್ಟಾಗುತ್ತಿತ್ತು, ಜೊತೆಗೆ ಬ್ಯಾಂಕಿನ ವಿದೇಶಿ ಶುಲ್ಕ, ಅದರ ಮೇಲೆ ಜಿಎಸ್‌ಟಿ. ನಿಲ್ಲಿಸಿ ಅಂದರೆ ಕೇಳಲಿಲ್ಲ, ಕಾರ್ಡನ್ನೇ ಬ್ಲಾಕ್ ಮಾಡಿಸಿದೆ. ಓದಿದ್ದೇನು? ಅಲ್ಲಿನ ಅಧ್ಯಕ್ಷ ಮೊರಾಲೆಸ್ ಮತ ಕದ್ದರು ಅಂತ. ಕೊನೆಯಲ್ಲಿ ಎಣಿಸಿದ ಮತಗಳಲ್ಲಿ ಅವರ ಮುನ್ನಡೆ ಏರಿತು, ಅದೇ ಸಾಕ್ಷಿಯಂತೆ. ಅವರಿಗೆ ಬಲವಿದ್ದ ಹಳ್ಳಿ ಬೂತಿನ ಲೆಕ್ಕ ತಡವಾಗಿ ಬರುತ್ತೆ ಅಲ್ವಾ? 2020ರಲ್ಲಿ ಸಂಶೋಧಕರು ಆ ಲೆಕ್ಕದಲ್ಲೇ ತಪ್ಪು ತೋರಿಸಿದರು. ಅಷ್ಟರಲ್ಲಿ ಮೊರಾಲೆಸ್ ರಾಜೀನಾಮೆ ಕೊಟ್ಟು ದೇಶ ಬಿಟ್ಟಾಗಿತ್ತು.

ಮೂಡಿಗೆರೆ ಪ್ಲಾಂಟರ್: ಅರ್ಧ ಹೇಳ್ತೀರಿ ಮೇಷ್ಟ್ರೇ. ಅಮೆರಿಕ ಖಂಡಗಳ ದೇಶಗಳ ಸಂಘಟನೆಯ (ಒಎಎಸ್) ತನಿಖೆಯಲ್ಲಿ ನಕಲಿ ಸಹಿ, ಗುಟ್ಟಿನ ಸರ್ವರ್ ವಿಷಯವೂ ಇತ್ತು. ಅದನ್ನೂ ಬರೆದದ್ದು ಅದೇ ಪತ್ರಿಕೆಗಳು. ನಾನು ಈಗಲೂ ದುಡ್ಡು ಕೊಟ್ಟೇ ಓದುತ್ತೇನೆ. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ನಮ್ಮ ಕಾಫಿ ರೇಟು ಅಲ್ಲಾಡುತ್ತೆ, ಅದನ್ನು ಇಲ್ಲಿ ಯಾರು ಬರೀತಾರೆ?

ಮೇಷ್ಟ್ರು: ಕಾಫಿ ರೇಟಿಗೂ ಮತಕ್ಕೂ ಏನ್ರೀ ಸಂಬಂಧ?

ಸಕಲೇಶಪುರದವನು: 2017ರಲ್ಲಿ ಕೆನ್ಯಾದ ನೈರೋಬಿಯಲ್ಲಿ ಅಂಗಡಿ ಇಟ್ಟಿದ್ದೆ. ಆಗಸ್ಟ್ 8ಕ್ಕೆ ಅಧ್ಯಕ್ಷ ಚುನಾವಣೆಯ ಮತದಾನ. ಗಲಾಟೆಗೆ ಹೆದರಿ ಶಟರ್ ಎಳೆದೆ. ಬಾಡಿಗೆ ನಿಲ್ಲಲಿಲ್ಲ, ಹಾಲು ಮೊಸರು ಹಾಳಾಯಿತು, ಕೆಲಸದವರಿಗೆ ಸಂಬಳ ಕೊಡಲೇಬೇಕಿತ್ತು. ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜಾನ್ ಕೆರಿ ಥರದ ವೀಕ್ಷಕರು ವ್ಯವಸ್ಥೆಯನ್ನು ಹೊಗಳಿದರು. ಹೊರಗಿನ ಪತ್ರಿಕೆಗಳು ವಿರೋಧ ಪಕ್ಷದ ಒಡಿಂಗಾಗೆ ಸೋಲು ಒಪ್ಪಿಕೋ ಅಂತ ಬುದ್ಧಿ ಹೇಳಿದವು. ಸೆಪ್ಟೆಂಬರ್ 1ಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ ಚುನಾವಣೆಯನ್ನೇ ರದ್ದು ಮಾಡಿತು! ಅಕ್ಟೋಬರ್‌ನಲ್ಲಿ ಮತ್ತೆ ಚುನಾವಣೆ, ಮತ್ತೆ ಶಟರ್. ಆ ನಷ್ಟ ಯಾವ ಸಂಪಾದಕ ತುಂಬಿಕೊಟ್ಟ?

ಪ್ಲಾಂಟರ್: ಎರಡನೇ ಸಲವೂ ಅಧ್ಯಕ್ಷ ಕೆನ್ಯಾಟಾ ತಾನೇ ಗೆದ್ದದ್ದು?

ಸಕಲೇಶಪುರದವನು: ಒಡಿಂಗಾ ಬಹಿಷ್ಕಾರ ಹಾಕಿದ್ದರು ಸ್ವಾಮಿ! ತಿಳಿದು ಮಾತಾಡಿ.

ಬೇಲೂರು: ತಂಗಿ, ಇವರ ಜಗಳ ಬಿಡು. ನಾನು ಬೂತ್ ಏಜೆಂಟ್ ಆಗಿದ್ದವನು. ಪ್ರಿಸೈಡಿಂಗ್ ಆಫೀಸರ್ ಕೈಯಿಂದ 17ಸಿ (ಬೂತಿನಲ್ಲಿ ಬಿದ್ದ ಮತಗಳ ಲೆಕ್ಕದ ಫಾರಂ) ಪ್ರತಿ ಇಸ್ಕೊಳ್ಳದೆ ಎದ್ದು ಬಂದವನಲ್ಲ. ವೆನೆಜುವೆಲಾದಲ್ಲೂ ಯಂತ್ರದಿಂದ ಬರುವ, ಬೂತಿನ ಮತ ಲೆಕ್ಕದ ಉದ್ದನೆ ಚೀಟಿಯ ಪ್ರತಿ ಏಜೆಂಟರಿಗೆ ಸಿಗುತ್ತೆ, ಕ್ಯೂಆರ್ ಕೋಡ್ ಸಮೇತ. ವಿರೋಧ ಪಕ್ಷದವರು ಶೇ 80ಕ್ಕೂ ಹೆಚ್ಚು ಚೀಟಿ ಒಟ್ಟು ಮಾಡಿ ನೆಟ್ಟಿಗೆ ಹಾಕಿದರು. ಆಗಿನ ಅಧ್ಯಕ್ಷ ಮಡುರೊಗೆ ಶೇ 51 ಅಂದ ಚುನಾವಣಾ ಆಯೋಗ ಬೂತ್‌ವಾರು ಲೆಕ್ಕ ಕೊಡಲೇ ಇಲ್ಲ. ಮೊದಲು ಆ ಚೀಟಿ ನೋಡು. ಆಮೇಲೆ ಯಾವ ಪತ್ರಿಕೆ ಅದನ್ನು ಎಷ್ಟನೇ ಸಾಲಿನಲ್ಲಿ ಬರೆದಿದೆ ನೋಡು.

ಮೇಷ್ಟ್ರು: ಆ ಚೀಟಿಗಳೇ ನಕಲಿ ಅಂತ ಸರ್ಕಾರ ಹೇಳಿತಲ್ಲ, ಅದನ್ನೂ ಬರೀರಿ.

ಬೇಲೂರು: ಹಾಗಾದರೆ ಅಸಲಿ ತೋರಿಸಲಿ ಮೇಷ್ಟ್ರೇ!