ಸಿಎಚ್‌ಒ ಬಿಪಿ ಮಾತ್ರೆ ಶುರು ಮಾಡಬಹುದಾ?

ಪ್ರಶ್ನೆ: ಉಪಕೇಂದ್ರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಬಿ.ಎಸ್ಸಿ. ನರ್ಸಿಂಗ್ ಓದಿದವರು. ಹೊಸದಾಗಿ 150/96 ಬಂದವರಿಗೆ ಅವರೇ ಮಾತ್ರೆ ಕೊಡಬಹುದಲ್ವಾ? ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಯಾಕೆ ಅಲೆಸ್ತಾರೆ?

ಉತ್ತರ 1: ಮೊದಲ ಮಾತ್ರೆ ಬರೆಯೋದು ವೈದ್ಯಾಧಿಕಾರಿ. 30 ದಾಟಿದವರ ತಪಾಸಣೆ ಮಾಡಿ, ವೈದ್ಯರು ಬರೆದ ಮಾತ್ರೆಯನ್ನ ಪ್ರತಿ ತಿಂಗಳು ಕೊಟ್ಟು ಬಿಪಿ ನೋಡ್ತಾ ಹೋಗೋದು ಸಿಎಚ್‌ಒ ಕೆಲಸ. ಅಲೆದಾಟ ಬೇಡ ಅಂದ್ರೆ ಅಲ್ಲಿಂದಲೇ ಇ-ಸಂಜೀವಿನಿಯಲ್ಲಿ (ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ ಸೇವೆ) ವೈದ್ಯರ ಜೊತೆ ಮಾತಾಡಿಸಿ ಅಂತ ಕೇಳಿ.

ಉತ್ತರ 2: ಒಂದೇ ಸಲದ 150/96 ನಂಬಬೇಡಿ. ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳು ಎದೆಯ ಮಟ್ಟದಲ್ಲಿಟ್ಟು ಎರಡು ಸಲ ನೋಡಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಸುಳ್ಳೇ ಜಾಸ್ತಿ ತೋರಿಸುತ್ತೆ. ಇನ್ನೊಂದು ದಿನವೂ 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬಿಪಿ ಅನ್ನಬಹುದು. 180/110 ಇದ್ದರೆ ಮಾತ್ರ ಕಾಯೋ ಹಾಗಿಲ್ಲ, ಅವತ್ತೇ ಕಳಿಸಬೇಕು.

ಉತ್ತರ 3: ನಿಜವಾಗಿ ಎಡವಟ್ಟಾಗೋದು ವಾಪಸ್ ಬರೋವಾಗ. ತಾಲೂಕು ಆಸ್ಪತ್ರೆಯಲ್ಲಿ ಆಮ್ಲೊಡಿಪಿನ್ (ಬಿಪಿ ಮಾತ್ರೆ) 5ರಿಂದ 10 ಮಿ.ಗ್ರಾಂ.ಗೆ ಏರಿಸಿರ್ತಾರೆ, ಉಪಕೇಂದ್ರದ ರಿಜಿಸ್ಟರ್‌ನಲ್ಲಿ ಇನ್ನೂ 5. ಸಿಎಚ್‌ಒ ಅದನ್ನೇ ಕೊಡ್ತಾರೆ. ಚೀಟಿ, ಖಾಲಿ ಸ್ಟ್ರಿಪ್ ಎರಡನ್ನೂ ತೋರಿಸಿ. ಮಾತ್ರೆ ಒಯ್ಯೋಕೆ ಬಾರದವರ ಪಟ್ಟಿ ತಿಂಗಳ ಕೊನೆಗೆ ಆಶಾ ಕಾರ್ಯಕರ್ತೆ ಕೈಗೆ ಹೋಗಬೇಕು. ಈ ಪಟ್ಟಿ ಮಾಡೋರೇ ಕಮ್ಮಿ ನೋಡಿ.