ಪದಚರ್ಚೆ: ಕಂಪ್ಯೂಟರಿನೊಳಗಿನ ನೀರು ಸೋರುತ್ತದೋ, ಒಸರುತ್ತದೋ, ಬೆವರುತ್ತದೋ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದಲ್ಲಿ ನನ್ನ ಸೋದರಳಿಯ ಕಂಪ್ಯೂಟರ್ ಜೋಡಿಸಿ ಕೊಡುತ್ತಾನೆ. ಗೇಮ್ ಆಡುವ ಹುಡುಗರು, ಮದುವೆ ವಿಡಿಯೊ ಎಡಿಟ್ ಮಾಡುವವರು ಅವನ ಗಿರಾಕಿಗಳು. ಅವರಲ್ಲಿ ಕೆಲವರಿಗೆ ಬರೀ ಫ್ಯಾನ್ ಸಾಲದು, ನೀರಿನ ಕೂಲಿಂಗ್ ಬೇಕು. ಅದೂ ಕಂಪನಿಯಿಂದಲೇ ಮುಚ್ಚಿ ಬರುವ ಸೆಟ್ ಅಲ್ಲ. ಪಂಪು, ಪುಟ್ಟ ನೀರಿನ ತೊಟ್ಟಿ, ರೇಡಿಯೇಟರ್, ಪ್ರೊಸೆಸರ್ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ ಬ್ಲಾಕ್, ಗ್ರಾಫಿಕ್ಸ್ ಕಾರ್ಡಿಗೆ ಇನ್ನೊಂದು ಬ್ಲಾಕ್, ಇವನ್ನೆಲ್ಲ ಬಿಡಿಬಿಡಿಯಾಗಿ ತಂದು ಪೈಪ್ ಹಾಕಿ ಸೇರಿಸುವ ಕಸ್ಟಮ್ ಲೂಪ್. "ಇದರ ಜೊತೆ ಕೊಡೋಕೆ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡು ಮಾವ, ನೀರು ಹೊರಗೆ ಬಂದ್ರೆ ಏನು ಮಾಡಬೇಕು ಅಂತ" ಎಂದ. ಪದಗಳ ತೊಡಕು ಶುರುವಾಗಿದ್ದು ಅಲ್ಲಿಂದ.

ಮೊದಲು "ಸೋರಿಕೆ" ಅಂತ ಬರೆದೆ. ಓದಿದವನು, "ಪ್ರಶ್ನೆಪತ್ರಿಕೆ ಸೋರಿಕೆ ಅಂದಂಗಿದೆ" ಅಂತ ನಕ್ಕ. ಪೇಪರಿನವರು ಆ ಪದವನ್ನು ಗುಟ್ಟಿಗೆ, ತೆರಿಗೆಗೆ ಬಳಸಿ ಬಳಸಿ ಅದರಲ್ಲಿ ನೀರೇ ಉಳಿದಿಲ್ಲ. ಅದು ಹೋಗಲಿ, "ಸೋರುವುದು" ಅಂತ ಬರೆದರೆ ಆಯ್ತು. ನಿಜವಾದ ತೊಂದರೆ ಬೇರೆ. ಗಿರಾಕಿಗಳು ಫೋನ್ ಮಾಡಿ ಹೇಳುವುದು ಒಂದೇ ಮಾತು: "ಲೀಕ್ ಆಗ್ತಿದೆ." ಪೈಪ್ ಕೂಡಿಸುವ ಫಿಟ್ಟಿಂಗ್ ಪಕ್ಕ ಟಿಶ್ಯೂ ಪೇಪರ್ ಚೂರು ಒದ್ದೆಯಾದರೂ ಲೀಕ್. ಗ್ರಾಫಿಕ್ಸ್ ಕಾರ್ಡ್ ಮೇಲೆ ನೀರು ಬೀಳುತ್ತಿದ್ದರೂ ಲೀಕ್. ತೊಟ್ಟಿಯಲ್ಲಿ ನೀರು ಒಂದು ಬೆರಳಷ್ಟು ಇಳಿದಿದ್ದರೂ ಲೀಕ್. ಈ ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಹಾಗಾಗಿ ಮೂರಕ್ಕೂ ಬೇರೆ ಬೇರೆ ಪದ ಇದ್ದರೆ ಹಾಳೆ ಓದಿದವರಿಗೂ ಉಪಯೋಗ, ಫೋನ್ ಎತ್ತಿದವನಿಗೂ ಉಪಯೋಗ.

ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ಸ್ಪ್ರಿಂಕ್ಲರ್ ಪೈಪ್ ಹಾಕುವವರೊಬ್ಬರು ಇದ್ದಾರೆ. ಜಾಯಿಂಟ್ ನೋಡಿ, "ಇದು ಸೋರೋದಲ್ಲ ಮಾರಾಯ್ರೆ, ಒಸರೋದು" ಅಂತ ಸಲೀಸಾಗಿ ಬೇರೆ ಮಾಡಿ ಹೇಳುತ್ತಾರೆ. ಒಸರುವುದು ಅಂದರೆ ಹನಿ ಬೀಳುವುದಿಲ್ಲ, ಆದರೆ ಪಸೆ ಆರುವುದೂ ಇಲ್ಲ. ಮುಟ್ಟಿದರೆ ಬೆರಳಿಗೆ ತಾಗುತ್ತದೆ, ಒರೆಸಿದರೆ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಮಳೆಗಾಲದಲ್ಲಿ ಧರೆಯಿಂದ ಬರುವುದೂ ಇದೇ ಒಸರು. ಲೂಪಿನಲ್ಲಿ ತುಂಬಾ ಸಲ ಆಗುವುದು ಇದೇ ಅಂತೆ. ಕೆಲವೊಮ್ಮೆ ಒದ್ದೆ ಕಾಣುವುದೇ ಇಲ್ಲ. ಒಸರಿದ ನೀರು ಅಲ್ಲಲ್ಲೇ ಆರಿ, ಫಿಟ್ಟಿಂಗ್ ಸುತ್ತ ಕೂಲಂಟಿನ, ಅಂದರೆ ಲೂಪಿನಲ್ಲಿ ಹರಿಯುವ ದ್ರವದ, ಕರೆ ಮಾತ್ರ ಉಳಿದಿರುತ್ತದೆ. ಫಿಟ್ಟಿಂಗಿನ ಮೇಲಿನ ಲೇಪ ಹೋಗಿ ಹಿತ್ತಾಳೆ ಕಾಣುತ್ತಿದ್ದ ಕಡೆ ಹಸಿರು ಕಿಲುಬೂ ಕಾಣಬಹುದು. ಕಿಲುಬು ಪದಕ್ಕೆ ಅಳಿಯನ ಆಕ್ಷೇಪ ಇರಲಿಲ್ಲ, ಬಚ್ಚಲಿನ ತಾಮ್ರದ ಹಂಡೆ ನೋಡಿ ಬೆಳೆದವನಲ್ವಾ.

ಒಸರಿಗೆ ಕಾರಣ ಹೇಳುವಾಗ ತೋಟದ ಪೈಪಿನ ಮಾತು ಪೂರ್ತಿ ಹೊಂದುವುದಿಲ್ಲ. ನಮ್ಮ ಕಡೆ ಜಾಯಿಂಟ್ ಒಸರಿದರೆ ಟೆಫ್ಲಾನ್ ಟೇಪ್ ಸುತ್ತು, ಪಾನಾ ಹಾಕಿ ಇನ್ನೂ ಬಿಗಿ ಮಾಡು ಅನ್ನುತ್ತಾರೆ. ಮನೆ ನಲ್ಲಿ ಕೆಲಸದಲ್ಲಿ ಅದು ಸರಿ. ಅಲ್ಲಿನ ಥ್ರೆಡ್ ತುದಿಗೆ ಹೋಗುತ್ತಾ ಸಣ್ಣಗಾಗುತ್ತದೆ, ನೀರು ನಿಲ್ಲುವುದು ಥ್ರೆಡ್ಡಿನಲ್ಲೇ. ಕಂಪ್ಯೂಟರಿನ ಫಿಟ್ಟಿಂಗಿಗೆ ಇರುವುದು ಜಿ 1/4 ಅನ್ನುವ ನೇರ ಥ್ರೆಡ್. ಅದು ಸುಮ್ನೆ ಹಿಡಿದುಕೊಳ್ಳುವುದಕ್ಕೆ ಅಷ್ಟೇ. ನೀರು ತಡೆಯುವುದು ಅದರ ಬುಡದಲ್ಲಿರುವ ರಬ್ಬರಿನ ಓ-ರಿಂಗ್. ಅದು ಮಡಚಿ ಕೂತಿದ್ದರೆ, ಅಥವಾ ಗಟ್ಟಿ ಪೈಪಿನ ಕತ್ತರಿಸಿದ ಅಂಚು ನುಣುಪು ಮಾಡದೆ ತೂರಿಸಿ ಪೈಪಿನ ಕಡೆಯ ರಿಂಗ್ ಕುಯ್ದುಹೋಗಿದ್ದರೆ, ಎಷ್ಟು ಟೇಪ್ ಸುತ್ತಿದರೂ ಒಸರುತ್ತಲೇ ಇರುತ್ತದೆ. ಕೈಯಲ್ಲಿ ತಿರುಗಿಸಿದಷ್ಟು ಬಿಗಿ ಸಾಕು. ಪಾನಾ ಹಾಕಿ ಎಳೆದರೆ ಅಕ್ರಿಲಿಕ್ ಬ್ಲಾಕ್ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಒಸರಾಗಿದ್ದದ್ದು ಆಮೇಲೆ ನಿಜವಾಗಿ ಸೋರುತ್ತದೆ. ಹಾಳೆಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ.

ಈಗ ಬೆವರಿನ ವಿಷಯ. ನನಗೆ ಜಾಸ್ತಿ ತಲೆ ಕೆಡಿಸಿದ ಪದ ಇದು.

ತಣ್ಣೀರಿನ ಸ್ಟೀಲ್ ಲೋಟದ ಹೊರಮೈ ಬೆವರುತ್ತದೆ ಅನ್ನುತ್ತೇವೆ. ಗಾಳಿಯಲ್ಲಿರುವ ತೇವ ತಣ್ಣನೆಯ ಮೈಗೆ ತಾಗಿ ನೀರಾಗುವುದಕ್ಕೆ ಇದಕ್ಕಿಂತ ಒಳ್ಳೆ ಕನ್ನಡ ಬೇಕಿಲ್ಲ. ಆಗುಂಬೆ, ಹೊಸನಗರದ ಕಡೆ ಜುಲೈ ತಿಂಗಳಲ್ಲಿ ಗೋಡೆ, ನೆಲ, ಕನ್ನಡಿ ಎಲ್ಲಾ ಒದ್ದೆ. ಹಾಗಾಗಿ ಪೈಪಿನ ಮೇಲೆ ನೀರು ಕಂಡ ಗಿರಾಕಿ, "ಏನಿಲ್ಲ ಬಿಡಿ, ಥಂಡಿಗೆ ಬೆವರ್ತಿದೆ" ಅಂತ ತಾನೇ ಸಮಾಧಾನ ಮಾಡಿಕೊಳ್ಳುತ್ತಾನೆ. ಮಲೆನಾಡಿನವರಿಗೆ ಹಾಗನ್ನಿಸುವುದು ಸಹಜ. ಆದರೆ ಈ ಯಂತ್ರದ ಮಟ್ಟಿಗೆ ಅದು ತಪ್ಪು. ಲೂಪಿನ ನೀರನ್ನು ತಣಿಸುವುದು ಕೋಣೆಯ ಗಾಳಿ. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ನೀರು ಕೋಣೆಗಿಂತ ತಣ್ಣಗಾಗಲು ಸಾಧ್ಯವಿಲ್ಲ. ಕಂಪ್ಯೂಟರ್ ಓಡುತ್ತಿದ್ದರೆ ಅದು ಕೋಣೆಗಿಂತ ಸ್ವಲ್ಪ ಬೆಚ್ಚಗೇ ಇರುತ್ತದೆ. ಕೋಣೆಗಿಂತ ಬೆಚ್ಚಗಿರುವ ಪೈಪ್ ಬೆವರುವುದಿಲ್ಲ. ಮಂಜುಗಡ್ಡೆ ಹಾಕಿಯೋ ಕಂಪ್ರೆಸರ್ ಇಟ್ಟೋ ತಣಿಸುವವರ ಕಥೆ ಬೇರೆ, ಅವರಿಗೆ ಬೆವರಿನ ಕಾಟ ಇದ್ದೇ ಇದೆ.

ಅಂದರೆ ಓಡುತ್ತಿರುವ ಮಾಮೂಲಿ ಲೂಪಿನ ಪೈಪಿನ ಮೇಲೆ ಒದ್ದೆ ಕಂಡರೆ ಅದು ಬೆವರಲ್ಲ, ಒಸರು. ನನ್ನ ಪ್ರಶ್ನೆ ಇಷ್ಟು: "ಬೆವರು" ಪದವನ್ನು ಒಳಗಿನಿಂದ ಬರುವ ನೀರಿಗೂ ಬಳಸುವ ರೂಢಿ ಎಲ್ಲಾದರೂ ಇದೆಯೇ? ಮನುಷ್ಯರ ಬೆವರು ಒಳಗಿನಿಂದಲೇ ಬರುವುದು, ಲೋಟದ ಬೆವರು ಹೊರಗಿನಿಂದ. ಒಂದೇ ಪದ ಎರಡು ದಿಕ್ಕಿಗೂ ಎಳೆಯುತ್ತದೆ. ಹಾಳೆಯಲ್ಲಿ "ಇದು ಬೆವರಲ್ಲ" ಎಂದು ಬರೆದರೆ ಬಯಲುಸೀಮೆಯ ಓದುಗರಿಗೂ ಅರ್ಥ ನೇರವಾಗಿ ಹೋಗುತ್ತದಾ?

ಇನ್ನು ಹನಿ ಬೀಳುವ ಹಂತ. ಇದಕ್ಕೆ "ತೊಟ್ಟಿಕ್ಕು" ಇದೆ, ಅನುಮಾನವೇ ಇಲ್ಲ. ತೊಟ್ಟಿಕ್ಕಿದರೆ ಯೋಚನೆ ಮಾಡುತ್ತಾ ನಿಲ್ಲಬಾರದು, ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕೀಳಬೇಕು. ಕಂಪ್ಯೂಟರ್ ಶಟ್‌ಡೌನ್ ಮಾಡಿದರೆ ಸಾಲದು, ಪವರ್ ಸಪ್ಲೈಗೆ ಕರೆಂಟ್ ಇರುವವರೆಗೂ ಮದರ್‌ಬೋರ್ಡಿಗೆ 5 ವೋಲ್ಟ್ ಹೋಗುತ್ತಲೇ ಇರುತ್ತದೆ. ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿಯನ್ನೂ ತೆಗೆಯುವುದು ಒಳ್ಳೆಯದು. "ಡಿಸ್ಟಿಲ್ಡ್ ವಾಟರ್ ಹಾಕಿದ್ದೀನಿ, ಅದರಲ್ಲಿ ಕರೆಂಟ್ ಹರಿಯಲ್ಲ" ಅನ್ನುವ ಧೈರ್ಯ ಬೇಡ. ಬಾಟಲಿಯಲ್ಲಿದ್ದಾಗ ಅದು ಬಹುಪಾಲು ನಿಜ. ಲೂಪಿನಲ್ಲಿ ಲೋಹದ ಮೇಲೆ ಹರಿದು, ಆಮೇಲೆ ಬೋರ್ಡಿನ ಧೂಳಿನ ಮೇಲೆ ಬಿದ್ದ ನೀರಿಗೆ ಆ ಮಾತು ನಡೆಯುವುದಿಲ್ಲ.

ಒರೆಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರೆ ತೊಳೆದ ಮೇಲೆ ಏನು ಬರೆಯಬೇಕು? "ಆರಿದ ಮೇಲೆ ಆನ್ ಮಾಡಿ" ಅಂತ ಬರೆದಿದ್ದನ್ನು ಹೊಡೆದು, "ಒಣಗಿದ ಮೇಲೆ" ಅಂತ ತಿದ್ದಿದೆ. ನನ್ನ ಕಿವಿಗೆ ಇವೆರಡೂ ಒಂದಲ್ಲ. ಅಂಗಳದ ಅಡಿಕೆ ಮೇಲೆ ಆರಿದ್ದರೂ ಒಳಗೆ ಹಸಿ ಇರಬಹುದು, ಅದನ್ನು ಒಣಗಿದೆ ಅಂತ ಯಾರೂ ಚೀಲಕ್ಕೆ ತುಂಬುವುದಿಲ್ಲ. ಬೋರ್ಡಿನ ಚಿಪ್‌ಗಳ ಅಡಿ, ಸ್ಲಾಟುಗಳ ಸಂದಿಯಲ್ಲೂ ಹಾಗೇ ನೀರು ಕೂತಿರುತ್ತದೆ. ಆಷಾಢದ ಮಳೆಯಲ್ಲಿ ಫ್ಯಾನ್ ಗಾಳಿಗೆ ಇಟ್ಟರೂ ದಿನಗಟ್ಟಲೆ ಬೇಕು. ಆರು, ಒಣಗು ಇವುಗಳ ನಡುವೆ ನಿಮ್ಮ ಕಡೆಯೂ ಈ ವ್ಯತ್ಯಾಸ ಇದೆಯಾ, ಅಥವಾ ಇದು ಅಡಿಕೆ ಬೆಳೆಯುವವರ ಕಿವಿ ಮಾತ್ರವೇ?

ಪರೀಕ್ಷೆಗೆ ಪದ ಹುಡುಕುವ ಕಷ್ಟ ಬರಲಿಲ್ಲ. ನೀರು ತುಂಬುವ ಮೊದಲು ಸಣ್ಣ ಕೈಪಂಪಿನಿಂದ ಅರ್ಧ ಬಾರ್‌ನಷ್ಟು ಗಾಳಿಯ ಒತ್ತಡ ಕೊಟ್ಟು ಮೀಟರಿನ ಮುಳ್ಳು ಇಳಿಯುತ್ತದಾ ನೋಡುತ್ತಾರೆ. ಪಂಕ್ಚರ್ ಅಂಗಡಿಯ "ಗಾಳಿ ಹಾಕಿ ನೋಡುವುದು" ಸಾಕು. ಆಮೇಲೆ ನೀರು ತುಂಬಿ, ಬೇರೆ ಯಾವುದಕ್ಕೂ ಕರೆಂಟ್ ಕೊಡದೆ ಪಂಪ್ ಒಂದನ್ನೇ ಓಡಿಸುವುದು "ನೀರು ಬಿಟ್ಟು ನೋಡುವುದು". ನೀರು ಖಾಲಿ ಮಾಡುವುದಕ್ಕೆ "ಬಸಿಯುವುದು" ಅಂತ ಹಾಕಿದ್ದೇನೆ. ತೋಟದಲ್ಲಿ ಬಸಿಗಾಲುವೆ ಇರುವಾಗ "ಡ್ರೇನ್" ಯಾಕೆ ಬೇಕು? ಅಳಿಯನಿಗೆ ಅನ್ನ ಬಸಿದಂತೆ ಕೇಳುತ್ತದಂತೆ. ಕೇಳಲಿ ಬಿಡಿ.

ಕೊನೆಯದು, ತೊಟ್ಟಿಯಲ್ಲಿ ನೀರು ಇಳಿಯುವುದು. ಹೊಸ ಲೂಪಿನಲ್ಲಿ ಮೊದಲ ಕೆಲವು ದಿನ ಇಳಿದರೆ ಅದು ಸೋರಿದ್ದಲ್ಲ. ರೇಡಿಯೇಟರಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿಗುಳ್ಳೆಗಳು ಹೊರಟು ಆ ಜಾಗಕ್ಕೆ ನೀರು ಹೋಗಿರುತ್ತದೆ. ಗುಡ್ಡದ ಅಬ್ಬಿಯಿಂದ ಮನೆಗೆ ಪೈಪ್ ಎಳೆದುಕೊಂಡವರಿಗೆ "ಪೈಪಲ್ಲಿ ಗಾಳಿ ಹಿಡಿದಿದೆ" ಅಂದರೆ ತಕ್ಷಣ ಗೊತ್ತಾಗುತ್ತದೆ, ಹಾಗಾಗಿ "ಗಾಳಿ ಬಿಡಿಸುವುದು" ಅಂತ ಬರೆದೆ.

ಇನ್ನೊಂದು ಇಳಿಕೆ ಇದೆ. ಮೆದು ಪೈಪಿನ ಗೋಡೆಯ ಮೂಲಕವೇ ನೀರು ಆವಿಯ ರೂಪದಲ್ಲಿ ಬಹಳ ನಿಧಾನವಾಗಿ ಹೊರಗೆ ಹೋಗುತ್ತದೆ. ಎಲ್ಲೂ ತೂತಿಲ್ಲ, ಒದ್ದೆಯಿಲ್ಲ, ತಿಂಗಳುಗಳು ಕಳೆದಾಗ ಮಟ್ಟ ಮಾತ್ರ ಕಮ್ಮಿ. ಮೇಲಿಂದ ಸ್ವಲ್ಪ ನೀರು ಸೇರಿಸಿದರೆ ಮುಗಿಯಿತು, ಹೆದರುವ ಅಗತ್ಯವಿಲ್ಲ. ಇದನ್ನು ಸೋರು, ಒಸರು ಯಾವುದರಲ್ಲೂ ಸೇರಿಸುವಂತಿಲ್ಲ. "ಇಂಗುವುದು" ಅಂತ ಬರೆಯೋಣ ಅನ್ನಿಸಿದೆ. ನೀರು ನೆಲಕ್ಕೂ ಇಂಗುತ್ತದೆ, ಒಲೆಯ ಮೇಲಿನ ಹಾಲೂ ಇಂಗುತ್ತದೆ. ಕಣ್ಣಿಗೆ ಕಾಣದೆ ಕಮ್ಮಿಯಾಗುವುದು ಎರಡರಲ್ಲೂ ಇದೆ. ಆದರೆ ಇಂಗುಗುಂಡಿ ಪದ ಊರೂರಲ್ಲಿ ಓಡಾಡುತ್ತಿರುವುದರಿಂದ, ಇಂಗು ಅಂದ ಕೂಡಲೇ ಓದುಗರ ಮನಸ್ಸು ಮಣ್ಣಿಗೆ ಹೋಗುತ್ತದೇನೋ ಎಂಬ ಅನುಮಾನ. "ಪೈಪಿನಲ್ಲಿ ನೀರು ಇಂಗಿದೆ" ಅಂದರೆ ನಿಮಗೆ ಏನನ್ನಿಸುತ್ತದೆ?

ಜೊತೆಗೆ ಇದನ್ನೂ ಹೇಳಿಬಿಡಿ: ಮೈಸೂರು, ದಾವಣಗೆರೆ, ಧಾರವಾಡದ ಕಡೆ "ಒಸರು" ದಿನಬಳಕೆಯಲ್ಲಿದೆಯಾ? ಅಲ್ಲಿ "ಜಿನುಗು" ಅಂದರೆ ಒಸರಿಗಿಂತ ಹೆಚ್ಚೋ ಕಡಿಮೆಯೋ? ನಮ್ಮ ಕಡೆ ಮಳೆಯೂ ಜಿನುಗುವುದರಿಂದ ನನಗೆ ಅದರಲ್ಲಿ ಹನಿ ಉದುರಿದಂತೆ ಕೇಳುತ್ತದೆ, ಅದಕ್ಕೇ ಕೈಬಿಟ್ಟಿದ್ದೇನೆ. ಹಾಳೆ ಮುಂದಿನ ವಾರ ಪ್ರಿಂಟಿಗೆ ಹೋಗುತ್ತದೆ. ಅಷ್ಟರೊಳಗೆ ಉತ್ತರ ಸಿಕ್ಕರೆ ತಿದ್ದಿಕೊಳ್ಳುತ್ತೇನೆ.