ಸಹಾಯ ಬೇಕು: 2012ರ ಆಲ್ಟೊ ಕೆ10 ತಗೊಳ್ಳೋದಾ, ಬಿಡೋದಾ?

ಅಣ್ಣಾರ, ಅಕ್ಕಾರ, ನಮಸ್ಕಾರ. ನಮ್ದು ಗಂಗಾವತಿ. ಅಪ್ಪನ್ನ ತಿಂಗಳಿಗೆ ಎರಡು ಸಲ ಕೊಪ್ಪಳದ ದವಾಖಾನಿಗೆ ಕರ್ಕೊಂಡು ಹೋಗ್ಬೇಕು, ಬಸ್ಸಿನಾಗ ಕೂಡಾಕ ಆಗವಲ್ದು. ಅದಕ್ಕ ಸೆಕೆಂಡ್ ಹ್ಯಾಂಡ್ ಕಾರು ಹುಡುಕಾಕತ್ತೀನಿ.

ಒಂದು ಆಲ್ಟೊ ಕೆ10 ಸಿಕ್ಕೈತಿ. 2012ರದ್ದು, ಕೆಎ-37 ಪಾಸಿಂಗ್, ಎರಡನೇ ಓನರ್, 1.60 ಲಕ್ಷ ಹೇಳ್ತಾರ. ಮೀಟರ್ 58,000 ತೋರಸ್ತೈತಿ, ಆದ್ರ ಕ್ಲಚ್ ಪೆಡಲ್ ರಬ್ಬರ್ ಸವದು ನುಣ್ಣಗಾಗೈತಿ, ಸ್ಟೇರಿಂಗೂ ಹಂಗ. ಅಷ್ಟ ಓಡಿದ ಗಾಡಿ ಇಷ್ಟು ಸವೀತೈತೇನ್ರಿ? ಮುಂಜಾನೆ ಇಂಜಿನ್ ತಣ್ಣಗಿದ್ದಾಗ ಹೋಗಿ ಸ್ಟಾರ್ಟ್ ಮಾಡಿಸಿದೆ, ಹೊಗಿ ಬರಲಿಲ್ಲ. ಮ್ಯಾಟ್ ಎತ್ತಿ ನೋಡಿದ್ರ ಡ್ರೈವರ್ ಕಾಲಡಿ ಅಂಗೈಯಷ್ಟು ತುಕ್ಕು, ಕೀಲಿಯಿಂದ ಕೆರೆದ್ರ ಪದರ ಪದರ ಉದುರಿತು.

ಮೆಕ್ಯಾನಿಕ್ಕಿಗೆ ತೋರಿಸಿದೆ. "ಇಂಜಿನ್ ಚಲೋ ಐತಿ, ತಳಕ್ಕ ತಗಡು ವೆಲ್ಡಿಂಗ್ ಹೊಡಿಸಿದ್ರ ಆತು" ಅಂದ್ರು. ಅವರು ಓನರ್ ಗೆಳೆಯರು ಬ್ಯಾರೆ! ಆನ್‌ಲೈನ್‌ನಾಗ ನೋಡಿದೆ, ಲೋನ್ ಇಲ್ಲ, ಆರ್‌ಸಿ 2027ರ ತನಕ ಐತಿ. ಆಮ್ಯಾಲ ಎಫ್‌ಸಿ (ಗಾಡಿ ಓಡಾಕ ಯೋಗ್ಯ ಐತೇನು ಅನ್ನೋ ತಪಾಸಣಿ) ಪಾಸಾದ್ರ 5 ವರ್ಷ ರಿನ್ಯೂ.

ಭಾನುವಾರ ಅಡ್ವಾನ್ಸ್ ಕೇಳಾಕತ್ತಾರ. ಹಳೇ ಆಲ್ಟೊ ಇಟ್ಕೊಂಡೋರು ಹೇಳ್ರಿ: ತಳಕ್ಕ ವೆಲ್ಡಿಂಗ್ ಹೊಡಿಸಿದ ಗಾಡಿ ಎಫ್‌ಸಿ ಪಾಸ್ ಆಗ್ತೈತಾ? ಆಗ್ತೈತಿ ಅಂದ್ರ, ಎಷ್ಟಕ್ಕ ಇಳಿಸಿ ಕೇಳ್ಲಿ?